ಬೇಸ್ ಗಿಟಾರಿನ ರನ್ನಿಂಗ್-ಇನ್

ಮೂಡಿಗೆರೆಯಲ್ಲಿ ಜೀಪು ರಿಪೇರಿ ಮಾಡುವ ರಜಬ್ ಅಲಿಯ ಪ್ರಕಾರ ಪ್ರಪಂಚದಲ್ಲಿರುವುದು ಎರಡೇ ಜಾತಿ: ರನ್ನಿಂಗ್-ಇನ್ ಆದದ್ದು, ಆಗದೇ ಇದ್ದದ್ದು. ಹೊಸ ಎಂಜಿನ್, ಹೊಸ ಚಪ್ಪಲಿ, ಹೊಸ ಅಳಿಯ, ಯಾವುದನ್ನೇ ಆಗಲಿ ಮೊದಲು ಮೆಲ್ಲಗೆ ಓಡಿಸಿ ಪಳಗಿಸಬೇಕು.

ಭಾನುವಾರಗಳಂದು ಅವನು ಉಮೇಶನ ಆರ್ಕೆಸ್ಟ್ರಾದಲ್ಲಿ ತಗ್ಗು ದನಿಯ ಬೇಸ್ ಗಿಟಾರ್ ನುಡಿಸುತ್ತಿದ್ದ. ವಾರವಿಡೀ ಜೀಪಿನಡಿ ಮಲಗುವವನಿಗೆ ಇಸ್ತ್ರಿ ಕೋಟು ತೊಟ್ಟು ವೇದಿಕೆ ಹತ್ತುವುದೊಂದೇ ಸುಖ. ಆದರೆ ಮಾಮೂಲಿ ತಂತಿ ಬೋಲ್ಟಿನ ಥ್ರೆಡ್ಡಿನಂತೆ ಒರಟು. ಬೆರಳು ಜಾರಿದರೆ ಕೀಚ್ ಅನ್ನುತ್ತದೆ. (ಹೆಂಡತಿ ಬದರುನ್ನೀಸಾ ಇಲಿಯೆಂದು ಪೊರಕೆ ಹಿಡಿದು ಬಂದದ್ದೂ ಉಂಟು.) ಹಾಗಾಗಿ ಅವನು ಚಿಕ್ಕಮಗಳೂರಿಗೆ ಹೋಗಿ, ಇದ್ದಬದ್ದ ತಂತಿಗಳನ್ನೆಲ್ಲ ಉಗುರಿನಿಂದ ಸವರಿ, ಅಂಗಡಿಯವನ ತಲೆ ತಿಂದು, ಚಪ್ಪಟೆ ಪಟ್ಟಿ ಸುತ್ತಿದ ನುಣುಪಾದ ಫ್ಲಾಟ್‌ವೂಂಡ್ ತಂತಿ ತಂದ.

"ಎಂಥದು ಮಾರಾಯ, ತಗಡು ಬಡಿದ ಹಾಗುಂಟು," ಎಂದ ಅದರ ದನಿ ಕೇಳಿದ ಉಮೇಶ. "ಆಲ್ದೂರಿನ ಮದುವೆ ಹೊತ್ತಿಗೆ ದುಂಡಗೆ ಕೇಳದಿದ್ರೆ ನಿನ್ನ ಜಾಗ ಕೀಬೋರ್ಡಿನವನ ಎಡಗೈಗೆ, ಬೇಸನ್ನೂ ಅವನೇ ಬಾರಿಸ್ತಾನೆ."

ರಜಬ್ ಅಲಿ ಅವತ್ತೇ ಅಂಗಡಿಗೆ ಫೋನು ಮಾಡಿದರೆ, "ಬೆರಳಿನ ಜಿಡ್ಡು ಹತ್ತಬೇಕು ಸಾರ್, ಟೈಮ್ ಹಿಡಿಯುತ್ತೆ," ಎಂಬ ಉತ್ತರ ಬಂತು.

ಅವನು ತಂತಿಗೆ ಸವರಲು ಗೇರ್ ಆಯಿಲ್ ಡಬ್ಬಿ ತೆಗೆದ. "ಅದು ಸೋಫಾಕ್ಕೆ ತಾಗಿದ್ರೆ ನೀವು ಗ್ಯಾರೇಜಲ್ಲೇ ಮಲಗಿ," ಎಂದಳು ಬದರುನ್ನೀಸಾ. ಇನ್ನು ಅವನ ಬೆರಳೋ, ದಿನಾ ಸೀಮೆಎಣ್ಣೆಯಲ್ಲಿ ತೊಳೆದು ತೊಳೆದು ಸೌದೆಯಷ್ಟು ಒಣಗಿತ್ತು. ಮನೆಯಲ್ಲಿ ಜಿಡ್ಡಿರುವ ಬೆರಳು ಯಾರದು? ಅವನ ದೃಷ್ಟಿ ಅಡುಗೆಮನೆಯತ್ತ ಹೊರಳಿತು.

ಗಿಟಾರು ಅಡುಗೆಮನೆ ಬಾಗಿಲ ಪಕ್ಕದ ಕೊಕ್ಕೆ ಏರಿತು, ಕೆಳಗೆ ಪುಟ್ಟ ಆಂಪ್ಲಿಫೈಯರ್. ರಾಜಾಜ್ಞೆಯೂ ಹೊರಟಿತು: "ಹೋಗ್ತಾ ಬರ್ತಾ ಮೀಟ್ತಾ ಇರು."

"ನಂಗೆ ಬೇರೆ ಕೆಲಸ ಇಲ್ವಾ?"

"ಹಾಲು ಕಾಯುವಾಗ ಸುಮ್ನೆ ನಿಂತಿರ್ತೀಯಲ್ಲ?"

ಆಮೇಲೆ ಅವನದೇ ಒಂದು ಸಂಶೋಧನೆ. ಸಂಜೆ ಬಂದವನೇ ಕಿವಿಯಿಟ್ಟು, "ಮೀಟು ನೋಡುವಾ. ಇವತ್ತು ಏನು ಕರಿದದ್ದು? ಪೂರಿಯಾ, ಕಬಾಬಾ?" ಎಂದು ವಿಚಾರಿಸುವನು. ಕಬಾಬಿನ ದಿನ ದನಿ ಇನ್ನಷ್ಟು ದುಂಡಗಿದೆ ಎಂದು ಅವನಿಗೆ ಖಾತ್ರಿಯಾಯಿತು. ಸೀಮೆಎಣ್ಣೆ ಬೆರಳು ತಾಗಿದರೆ ಪಳಗಿದ್ದೆಲ್ಲ ಕೆಟ್ಟೀತೆಂದು ತಾನು ಮಾತ್ರ ಮುಟ್ಟಲೇ ಇಲ್ಲ; ಆಲ್ದೂರಿನ ಮದುವೆಯವರೆಗೆ ಬೇರೆ ಕಾರ್ಯಕ್ರಮವೂ ಇರಲಿಲ್ಲ.

ಮದುವೆಯ ಹಿಂದಿನ ದಿನ ಉಮೇಶ ಪರೀಕ್ಷೆಗೆಂದು ಗ್ಯಾರೇಜಿಗೇ ಬಂದು, ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಮನೆಗೆ ಹೊರಟ. ಗೇಟಿನಲ್ಲಿ ಎಂಜಿನ್ ನಿಂತದ್ದೇ ಒಳಗಿನಿಂದ ದುಂ, ದುಂ ಎಂದು ಕೇಳಿಸಿತು. ತಾಳ ಒಂದಿಷ್ಟೂ ತಪ್ಪದ, ಎದೆಗೇ ತಾಗುವ ದನಿ.

"ಇದು ದನಿ ಅಂದ್ರೆ! ನಿನ್ನ ಜಾಗ ಎಲ್ಲೂ ಹೋಗಲ್ಲ ಮಾರಾಯ," ಎಂದು ಉಮೇಶ ಬೆನ್ನು ತಟ್ಟಿದ. ರಜಬ್ ಅಲಿ ಉಬ್ಬಿಹೋದ. ಉಮೇಶನ ಕೈ ಬೆನ್ನ ಮೇಲೇ ನಿಂತಿತು. "ಅಲ್ಲ, ನೀನು ಇಲ್ಲಿದ್ದೀಯಲ್ಲ?"

ಒಳಗೆ ಬದರುನ್ನೀಸಾ ಹಾಲಿನ ಮೇಲೆ ಕಣ್ಣಿಟ್ಟು, ಇಷ್ಟು ವರ್ಷ ಗಂಡ ನುಡಿಸಿ ಕೇಳಿಸಿದ್ದ ಮದುವೆ ಹಾಡುಗಳನ್ನೆಲ್ಲ ಸಾಲಾಗಿ ನುಡಿಸುತ್ತಿದ್ದಳು. ರಜಬ್ ಅಲಿ ಗಿಟಾರು ಕಸಿದುಕೊಂಡು ತಾನೂ ಮೀಟಿದ. ದನಿ ದುಂಡಗೇ ಬಂತು, ಅಷ್ಟು ದಿನ ಮುಟ್ಟದ ಕೈಯಲ್ಲಿ ತಾಳ ಮಾತ್ರ ಎತ್ತೆತ್ತಲೋ ಹೋಯಿತು.

"ಅಕ್ಕ, ನಾಳೆ ಆಲ್ದೂರಿಗೆ ನೀವೇ ಬರ್ತೀರಾ?" ಎಂದ ಉಮೇಶ.

"ಬರಬಹುದು," ಎಂದಳು ಅವಳು ಯೋಚಿಸುತ್ತ. "ಆದ್ರೆ ಹಾಲು?"

ಇಬ್ಬರೂ ರಜಬ್ ಅಲಿಯ ಕಡೆ ನೋಡಿದರು.

ಮರುದಿನ ಸಂಜೆ ಆರ್ಕೆಸ್ಟ್ರಾದ ವ್ಯಾನು ಬದರುನ್ನೀಸಾಳನ್ನು ಹತ್ತಿಸಿಕೊಂಡು ಆಲ್ದೂರಿನತ್ತ ಹೋಯಿತು. ಇಸ್ತ್ರಿ ಕೋಟು ತೊಟ್ಟೇ ಒಲೆಯ ಮುಂದೆ ನಿಂತ ರಜಬ್ ಅಲಿಗೆ ಹಾಲು ಕಾಯುವ ಹೊತ್ತು ಇಷ್ಟು ಉದ್ದ ಎಂದು ಗೊತ್ತಿರಲಿಲ್ಲ. ಬೇಜಾರಿಗೆ ಕೈ ತಾನಾಗಿ ಬಾಗಿಲ ಪಕ್ಕಕ್ಕೆ ಹೋಯಿತು. ಕೊಕ್ಕೆ ಖಾಲಿ. ಅವನು ಅದನ್ನೇ ನೋಡುತ್ತ ನಿಂತಿರುವಾಗ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು.