ಜಿಮ್ಮಿನ ಮೇಲಿನ ಶಾವಿಗೆ

ಸಭೆಗೆ ಬಾರದವರನ್ನು ಅಧ್ಯಕ್ಷರನ್ನಾಗಿ ಮಾಡುವುದು ನಿಜಗುಣಪ್ಪನ ಊರಿನ ಹಳೆಯ ಪದ್ಧತಿ. ಬಂದವರೆಲ್ಲ ಬಾಯಿಬಿಟ್ಟು ಬೇಡ ಅನ್ನುತ್ತಾರೆ, ಬಾರದವನು ಏನೂ ಅನ್ನಲಾರ. ಹೋದ ವರ್ಷ ಬೆಳಗಾವಿಯ ಸಂಸ್ಥೆಯೊಂದು ‘ಗಟ್ಟಿಮುಟ್ಟು ಗ್ರಾಮ’ ಎಂಬ ಯೋಜನೆ ಹೊತ್ತುಕೊಂಡು ಬಂದ ದಿನ ನಿಜಗುಣಪ್ಪ ಹಲ್ಲು ಕೀಳಿಸಿಕೊಳ್ಳಲು ಬೈಲಹೊಂಗಲಕ್ಕೆ ಹೋಗಿದ್ದ. ಸಂಜೆ ಬಸ್ಸಿಳಿಯುತ್ತಲೇ ಕೊರಳಿಗೆ ಆರೋಗ್ಯ ಸಂಘದ ಅಧ್ಯಕ್ಷಗಿರಿಯ ಹಾರ ಬಿತ್ತು. ಬಾಯಲ್ಲಿ ಹತ್ತಿ ತುರುಕಿದ್ದರಿಂದ ಬೇಡ ಅನ್ನಲು ಆಗಲಿಲ್ಲ. ಒಪ್ಪಿದರು ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು.

ಊರಿಗೆ ಆರೋಗ್ಯ ಕಲಿಸಬೇಕಾದ ಈ ಅಧ್ಯಕ್ಷನ ಹೊಟ್ಟೆ ಎಲ್ಲಿ ಹೋದರೂ ಅವನಿಗಿಂತ ಒಂದು ಹೆಜ್ಜೆ ಮುಂದೆಯೇ ಹೋಗಿ ತಲುಪುತ್ತಿತ್ತು. ಎಣ್ಣೆ ಕಡಿಮೆ ಮಾಡಿ, ಸೊಪ್ಪು-ಕಾಳು ಹೆಚ್ಚು ತಿನ್ನಿ, ದಿನಾ ಮೈ ಬಗ್ಗಿಸಿ ಎಂದು ಯೋಜನೆ ಹೇಳಿತ್ತು. ಎಣ್ಣೆಯ ಮಾತು, ಸೊಪ್ಪಿನ ಮಾತು ಬ್ಯಾನರಿನ ಬಣ್ಣದ ಜೊತೆಗೇ ಮಾಸಿಹೋದವು. ಮೈ ಬಗ್ಗಿಸುವ ಮಾತು ಮಾತ್ರ ಕಬ್ಬಿಣದ್ದಾಗಿದ್ದರಿಂದ ಉಳಿದುಕೊಂಡಿತು. ಕೆರೆಯ ದಂಡೆಯ ಬೇವಿನ ಗಿಡದ ಪಕ್ಕದಲ್ಲಿ ಸಂಸ್ಥೆಯವರು ಹಳದಿ-ನೀಲಿ ಬಣ್ಣದ ಬಯಲು ಜಿಮ್ಮು ನಿಲ್ಲಿಸಿ ಹೋಗಿದ್ದರು. ಜೋತು ಬೀಳುವ ಕಂಬಿ, ಕೈಯಿಂದ ತಿರುಗಿಸುವ ಚಕ್ರ, ನಿಂತಲ್ಲೇ ನಡೆಯುವ ಪೆಡಲು, ಎಲ್ಲ ಇದ್ದವು. ಮೊದಲ ವಾರ ಊರಿಗೆ ಊರೇ ಜೋತು ಬಿದ್ದಿತು. ಆಮೇಲೆ ಆಡುಗಳು ಬೆನ್ನು ತಿಕ್ಕಿಕೊಳ್ಳಲು ಬರತೊಡಗಿದವು.

ಜಿಮ್ಮು ಇದ್ದರೆ ಎಷ್ಟು, ಬಿಟ್ಟರೆ ಎಷ್ಟು ಅಂತ ನಿಜಗುಣಪ್ಪ ಸುಮ್ಮನಿರಬಹುದಿತ್ತು. ಆದರೆ ನಡುವೆ ಬೀಗರಿದ್ದರು. ಮಗಳು ಮಹಾನಂದಾಳನ್ನು ಕಟಕೋಳಕ್ಕೆ ಕೊಟ್ಟಿತ್ತು. ಮದುವೆಯ ದಿನ ಬೀಗ ಅಂದಾನೆಪ್ಪ ಹಂದರದ ನಡುವೆ ನಿಂತು, ಬಸ್ಸು ತಿರುಗಲಿಕ್ಕೂ ಜಾಗ ಇಲ್ಲದ ಊರು ಇದು ಅಂದಿದ್ದ. ಆ ಮಾತು ನಿಜಗುಣಪ್ಪನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಜಿಮ್ಮು ಬಂದ ಮೇಲೆ ಅವನು ಕಟಕೋಳಕ್ಕೆ ಹೋದಾಗಲೆಲ್ಲ, ಚಹದ ಕಪ್ಪು ಕೈಗೆ ಬರುವ ಮುಂಚೆಯೇ, ನಮ್ಮೂರ ಜಿಮ್ಮಿನಲ್ಲಿ ಹಾಗೆ, ನಮ್ಮೂರ ಜಿಮ್ಮಿನಲ್ಲಿ ಹೀಗೆ ಅಂತ ಶುರು ಮಾಡುತ್ತಿದ್ದ. ಅಂದಾನೆಪ್ಪ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ. ಬೀಗರನ್ನು ಸುಮ್ಮನಿರಿಸುವ ಸುಖ ಎಂಥದು ಅಂತ ಹೆಣ್ಣು ಕೊಟ್ಟವರಿಗೇ ಗೊತ್ತು.

ಆ ದಿನ ಮುಂಜಾನೆ ನಿಜಗುಣಪ್ಪ ಚುರುಮುರಿ ಸೂಸಲ ತಿನ್ನುತ್ತ ಕುಳಿತಿದ್ದಾಗ ಫೋನು ಬಂತು.

‘ಬೀಗರ, ಆರಾಮದೀರಿ?’ ಅಂದಾನೆಪ್ಪನ ದನಿಯಲ್ಲಿ ಬೆಲ್ಲದ ಪಾಕ ಜಿನುಗುತ್ತಿತ್ತು. ‘ಮಧ್ಯಾಹ್ನ ನಿಮ್ಮೂರಿಗೆ ಸಂಸ್ಥೆದ ನಾಗರತ್ನಾ ಮೇಡಂ ಬರಾಕ್ಹತ್ಯಾರಂತ. ಜಿಮ್ಮು ಯಾರೂ ಬಳಸವಲ್ರು ಅಂತ ಸಂಸ್ಥೆದವರ ಕಿವಿಗೆ ಬಿದ್ದೈತಿ. ಖರೇನ ಹಂಗ ಇದ್ರ ಇವತ್ತ ಬಿಚ್ಚಿ ನಮ್ಮ ಕಟಕೋಳಕ್ಕ ತರತಾರಂತ. ಟೆಂಪೋನೂ ಜೋಡಿನ ಬರತೈತಿ. ನಾ ಇಲ್ಲಿ ಜಾಗಾ ಹಸನ ಮಾಡಿಸಿ ಇಟ್ಟೇನಿ.’

‘ಅವರ ಕಿವಿಗೆ ಯಾರು ಹಾಕಿದ್ರು?’

‘ಈಗಿನ ಕಾಲದಾಗ ಸುದ್ದಿ ಹೆಂಗ ಓಡತಾವ ಅಂತೀರಿ ಬೀಗರ,’ ಅಂತ ಅಂದಾನೆಪ್ಪ ನಕ್ಕು ಫೋನಿಟ್ಟ.

ಸೂಸಲದ ತಟ್ಟೆ ಅಲ್ಲೇ ಬಿಟ್ಟು, ನಿಜಗುಣಪ್ಪ ಧೋತರದ ಚುಂಗು ಹಿಡಿದುಕೊಂಡು ಕೆರೆಯ ಕಡೆ ಓಡಿದ. ಓಡಿದ ಅಂದರೆ ಹೊಟ್ಟೆ ಓಡಿತು, ಅವನು ಹಿಂದೆ ಹೋದ. ದಂಡೆ ಏರಿ ನೋಡಿದರೆ ಜಿಮ್ಮು ಕಾಣಲಿಲ್ಲ. ಶಾವಿಗೆ ಕಂಡಿತು.

ಜೋತು ಬೀಳುವ ಕಂಬಿಯ ತುಂಬ ಶಾವಿಗೆ. ಚಕ್ರದ ಮೇಲೆ, ಪೆಡಲಿನ ಹಿಡಿಕೆಗಳ ಮೇಲೆ, ಎಲ್ಲಿ ಕಬ್ಬಿಣವಿತ್ತೋ ಅಲ್ಲೆಲ್ಲ ಶಾವಿಗೆಯ ಎಳೆಗಳು ಇಳಿಬಿದ್ದು, ಬಿಳಿ ಗಡ್ಡದ ಸ್ವಾಮಿಗಳ ಸಾಲು ಬಿಸಿಲು ಕಾಯಿಸಿಕೊಳ್ಳುತ್ತ ನಿಂತಂತಿತ್ತು. ಗಿಡದ ಬುಡದಲ್ಲಿ ಬೆಂಚಿಗೆ ಬಿಗಿದ ಶಾವಿಗೆ ಮಷಿನ್ನು. ಒಬ್ಬಳು ಅದರ ಹಿಡಿಕೆ ತಿರುಗಿಸುತ್ತಿದ್ದಳು, ಇಬ್ಬರು ಹಿಟ್ಟನ್ನು ಒನಕೆಯಿಂದ ಕುಟ್ಟುತ್ತಿದ್ದರು. ಎಲ್ಲರ ಮೇಲೆ ಕಣ್ಣಿಟ್ಟು ಕುಳಿತವಳು ಕಾಡವ್ವ. ಊರಲ್ಲಿ ಯಾರ ಮನೆಯ ಶಾವಿಗೆಯಾದರೂ ಆ ಮುದುಕಿ ಹದ ನೋಡಿ ಹೂಂ ಅನ್ನದೆ ಮಷಿನ್ನಿಗೆ ಹಿಟ್ಟು ಬೀಳುತ್ತಿರಲಿಲ್ಲ.

ಯಾರ ಶಾವಿಗೆ ಇವು ಅಂತ ಗುಡುಗಬೇಕೆಂದು ನಿಜಗುಣಪ್ಪ ಬಾಯಿ ತೆರೆದ. ಎಳೆಗಳ ಮರೆಯಿಂದ ಅವನ ಹೆಂಡತಿ ಗುರುಬಸವ್ವನ ಮುಖ ಹೊರಬಂತು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಶಾವಿಗೆ ಮಗಳ ಮನೆಗೆ ಹೋಗುವಂಥದ್ದು. ಹೋದ ಬೇಸಿಗೆ ಕಳಿಸಿದ್ದು ದಾರಿಯಲ್ಲಿ ತುಂಡಾಗಿ, ಬೀಗಿತ್ತಿ ಬುಟ್ಟಿಯಲ್ಲಿ ಕೈಯಾಡಿಸಿ, ಇದು ಶಾವಿಗೆಯೋ ರವೆಯೋ ಅಂತ ನಾಲ್ಕು ಮಂದಿಯ ಮುಂದೆ ಕೇಳಿದ್ದಳು. ಅದಕ್ಕೇ ಈ ಸಲ ಗುರುಬಸವ್ವ ಮಾರುದ್ದದ ಎಳೆ ತೆಗೆಸಿದ್ದಳು. ಅಷ್ಟು ಉದ್ದದ ಎಳೆ ನೆಲ ಮುಟ್ಟದಂತೆ ಒಣಗಲು ಊರಲ್ಲಿ ಇದ್ದದ್ದು ಜಿಮ್ಮಿನ ಕಂಬಿ ಒಂದೇ.

ಶಾವಿಗೆ ತೆಗೆದು ಬೇರೆ ಕಡೆ ಹಾಕಿ ಅಂತ ನಿಜಗುಣಪ್ಪ ಗೋಗರೆದ. ಬೀಗ ಹೇಳಿದ್ದನ್ನೂ ಹೇಳಿದ. ಕಾಡವ್ವ ತಲೆ ಎತ್ತದೆ ಉತ್ತರ ಕೊಟ್ಟಳು.

‘ಹಸಿ ಶಾವಿಗಿ ಮುಟ್ಟಿದ್ರ ಹರೀತಾವ. ಸಂಜಿತನಕ ಒಬ್ಬರೂ ಕೈ ಹಚ್ಚಂಗಿಲ್ಲ. ಮೇಡಂ ಬರಲಿ, ಅವರವ್ವ ಬರಲಿ.’

‘ಹಂಗಾರ ನಾ ಮೇಡಂಗ ಏನು ತೋರಸ್ಲಿ ದೊಡವ್ವ?’

‘ನಿನ್ನ ಹೊಟ್ಟಿ ಒಂದು ತೋರಸಬ್ಯಾಡ. ಉಳದದ್ದು ಏನರ ತೋರಸು.’

ಕಂಬಿ ಇಲ್ಲದಿದ್ದರೂ ಕಸರತ್ತು ಮಾಡುವ ಜನವಾದರೂ ಬೇಕಲ್ಲ. ನಿಜಗುಣಪ್ಪ ಗುಡಿಕಟ್ಟೆಗೆ ಹೋಗಿ ಅಲ್ಲಿ ಕೂತವರನ್ನು ಕರೆದ. ಒಬ್ಬನಿಗೆ ಮೊಣಕಾಲು ನೋವು, ಒಬ್ಬನಿಗೆ ಇಂದು ಸೋಮವಾರ, ಮತ್ತೊಬ್ಬ ಸುಮ್ಮನೆ ಆಕಳಿಸಿದ. ಕಟ್ಟೆಯ ಎದುರಿಗೆ ಭಜಿ ಗಾಡಿ ಹಚ್ಚುವ ಬಾಳು ಎಲ್ಲವನ್ನೂ ಕೇಳುತ್ತಿದ್ದ. ಅಧ್ಯಕ್ಷರೇ, ಗಾಡಿಯನ್ನು ಗಿಡದ ಹತ್ತಿರ ತರುತ್ತೇನೆ, ಬಂದವರಿಗೆಲ್ಲ ಮಿರ್ಚಿ ಭಜಿ ಅಂತ ಸಾರಿಬಿಡಿ, ಊರೇ ಬರುತ್ತದೆ ಅಂತ ಉಪಾಯ ಕೊಟ್ಟ. ಆರೋಗ್ಯ ಸಂಘದ ಅಧ್ಯಕ್ಷ ಮಿರ್ಚಿ ಹಂಚುವುದೇ ಅಂತ ನಿಜಗುಣಪ್ಪ ಒಂದು ಕ್ಷಣ ಅಳುಕಿದ. ಕಣ್ಣ ಮುಂದೆ ಅಂದಾನೆಪ್ಪ ನಕ್ಕಂತಾಯಿತು. ಹೂಂ ಅಂದ.

ಜನ ಬಂದರು. ಮೊಣಕಾಲಿನವನು ಎಲ್ಲರಿಗಿಂತ ಮುಂದೆ ಬಂದ. ಮೊದಲು ಕಸರತ್ತು, ಆಮೇಲೆ ಮಿರ್ಚಿ ಅಂತ ನಿಜಗುಣಪ್ಪನ ಲೆಕ್ಕ. ಬರಿ ಹೊಟ್ಟೆಯಲ್ಲಿ ಮೈ ಬಗ್ಗಿಸಿದರೆ ತಲೆ ತಿರುಗುತ್ತದೆ ಅಂತ ಅವರ ವಾದ. ಬಾಣಲೆಯಿಂದ ಮಿರ್ಚಿ ಏಳುವುದೇ ತಡ, ಮಾಯವಾಗುತ್ತಿತ್ತು. ಪಾಳಿ ಹಚ್ಚುತ್ತ, ಜಗಳ ಬಿಡಿಸುತ್ತ ಓಡಾಡಿದ ಅಧ್ಯಕ್ಷನಿಗೆ ಮಾತ್ರ ಒಂದೂ ಸಿಗಲಿಲ್ಲ. ತಿಂದವರು ಕೆರೆಯ ನೀರು ಕುಡಿದರು, ತಣ್ಣನೆ ಗಾಳಿಗೆ ಮೈ ಒಡ್ಡಿದರು, ಒಬ್ಬೊಬ್ಬರಾಗಿ ನೆರಳಲ್ಲಿ ಕಾಲು ಚಾಚಿ ಮಲಗಿಬಿಟ್ಟರು.

ಅದೇ ಹೊತ್ತಿಗೆ ಜೀಪು ಬಂತು. ಅದರ ಹಿಂದೆ ಖಾಲಿ ಟೆಂಪೋ, ಅದರಲ್ಲಿ ಬೋಲ್ಟು ಬಿಚ್ಚುವ ಪಾನಾ ಹಿಡಿದ ಇಬ್ಬರು ಫಿಟ್ಟರುಗಳು.

ನಾಗರತ್ನಾ ಮೇಡಂ ಇಳಿದು ಸುತ್ತ ನೋಡಿದರು. ಶಾವಿಗೆ ಹೊದ್ದ ಜಿಮ್ಮು, ಗೊರಕೆ ಹೊಡೆಯುವ ಗಂಡಸರು, ಹೊಗೆಯಾಡುವ ಬಾಣಲೆ. ಅವರ ಹುಬ್ಬು ಮೇಲೇರಿತು. ನಿಜಗುಣಪ್ಪನಿಗೆ ಕಟಕೋಳದ ದಾರಿ ಕಣ್ಣಮುಂದೆ ಬಂತು. ಆಗ ಅವನ ನಾಲಿಗೆ ತನ್ನಷ್ಟಕ್ಕೆ ತಾನೇ ಕೆಲಸಕ್ಕೆ ನಿಂತಿತು.

‘ಇವರು ಶವಾಸನದಾಗ ಅದಾರ್ರಿ ಮೇಡಂ. ಮುಂಜಾನಿಂದ ಎಲ್ಲಾ ಆಸನ ಮುಗಿಸಿ ಕಡೇದಕ್ಕ ಬಂದಾರ. ಮಾತಾಡಸಬಾರದು.’

‘ಆ ಎಣ್ಣೀರಿ?’

‘ಅದು ಜಿಮ್ಮಿನ ಕೀಲಿಗೆ ಬಿಡಾಕ್ರಿ. ದಿನಾ ಬಳಸಿ ಬಳಸಿ ಕೀಲೆಲ್ಲಾ ಕಿರುಗುಡತಾವು. ಊರಾಗ ತಿನ್ನಾಕ ಅಂತೂ ಯಾರೂ ಎಣ್ಣಿ ಮುಟ್ಟಂಗಿಲ್ಲ.’

ಬಾಳು ಅಷ್ಟರಲ್ಲಿ ಉಳಿದ ಮಿರ್ಚಿಯನ್ನು ಬುಟ್ಟಿಯ ಕೆಳಗೆ ಮುಚ್ಚಿ, ಭಜಿ ಎತ್ತುವ ಜಾರಿಯನ್ನು ಎಣ್ಣೆಯಲ್ಲಿ ಅದ್ದಿ, ಪೆಡಲಿನ ಕೀಲಿಗೆ ನಾಲ್ಕು ಹನಿ ಬಿಟ್ಟು ತೋರಿಸಿದ. ಕೀಲು ಚುಂಯ್ ಅಂತು.

ಮೇಡಂ ಶಾವಿಗೆಯ ಕಡೆ ತಿರುಗಿದರು. ನಿಜಗುಣಪ್ಪ ಉಸಿರು ಎಳೆದುಕೊಳ್ಳುವುದರೊಳಗೆ ಕಾಡವ್ವ ಬಾಯಿ ಹಾಕಿದಳು. ನಿಂತು ನೋಡಿದರೆ ಏನು ತಿಳಿಯುತ್ತದೆ, ಬಂದು ಒಂದು ಸಲ ತಿರುಗಿಸಿ ನೋಡು ತಂಗಿ ಅಂದಳು. ಮೇಡಂ ಸೆರಗು ಸಿಕ್ಕಿಸಿ ಮಷಿನ್ನಿನ ಹಿಡಿಕೆ ಹಿಡಿದರು. ಸ್ವಲ್ಪ ತಿರುಗಿಸುವುದರಲ್ಲಿ ಹಣೆಯಲ್ಲಿ ಬೆವರು ಒಡೆಯಿತು. ಹೆಂಗಸರು ಒನಕೆ ಎತ್ತಿಸಿದರು, ಮೂರನೆಯ ಪೆಟ್ಟಿಗೆ ಅವರ ಬಾಯಿಂದ ಅವ್ವಾ ಅಂತ ಬಂತು. ಅವರ ಕೈಯಿಂದ ಕಾಡವ್ವ ಒನಕೆ ಕಸಿದುಕೊಂಡು ತಾಂಬೂಲ ಮೆಲ್ಲುತ್ತಲೇ ಕುಟ್ಟತೊಡಗಿದಳು.

ಹದ ಕಂಡ ನಿಜಗುಣಪ್ಪ ಕೈ ಬಿಡಲಿಲ್ಲ. ಊರಲ್ಲಿ ಒಬ್ಬರಿಗೂ ಸಕ್ಕರೆ ಬ್ಯಾನಿ ಇಲ್ಲ, ಬಿಪಿ ಅನ್ನುವುದನ್ನು ಕೇಳಿದವರಿಲ್ಲ, ಡಾಕ್ಟರು ಬಂದರೆ ದಾರಿ ಕೇಳಲಿಕ್ಕೆ ಮಾತ್ರ ಬರುತ್ತಾರೆ ಅಂತ ಒಂದರ ಮೇಲೊಂದು ಪೇರಿಸಿದ. ಮೇಡಂ ಕಣ್ಣರಳಿಸಿ ಕೇಳಿದರು. ಕೊನೆಗೆ ಅವನಿಗೆ ಕೈಮುಗಿದರು.

‘ಇಂಥಾ ಊರು ನಾ ಎಲ್ಲೂ ನೋಡಿಲ್ರಿ. ನಿಮಗ ಜಿಮ್ಮು ಯಾಕ ಬೇಕು? ಊರಿಗೂರ ಗಟ್ಟಿ ಅದೀರಿ. ಕಟಕೋಳದ ಅಂದಾನೆಪ್ಪನವರು ನಿನ್ನೆ ನನ್ನ ಮುಂದ ಕಣ್ಣೀರು ಹಾಕಿದ್ರು. ನಮ್ಮೂರ ಮಂದಿ ಬಾಳ ಮೈಗಳ್ಳರು, ಎಲ್ಲಾರಿಗೂ ಹೊಟ್ಟಿ ಬಂದಾವು ಅಂತ. ಇದು ಅವರಿಗೆ ಸೇರಬೇಕಾದದ್ದು.’

ಫಿಟ್ಟರುಗಳು ಪಾನಾ ಹಿಡಿದು ಇಳಿದರು.

ನಿಜಗುಣಪ್ಪನ ನಾಲಿಗೆಗೆ ಈಗ ಹಿಂದಕ್ಕೆ ಬರುವ ದಾರಿ ಸಿಗಲಿಲ್ಲ. ‘ಇಲ್ರಿ ಮೇಡಂ, ನಾವೂ ಮೈಗಳ್ಳರ ಅದೇವ್ರಿ,’ ಅಂತ ಬೇಡಿಕೊಂಡ. ‘ಈ ಗಂಡಸರು ಕಡ್ಡಿ ಎತ್ತಿ ಇಡಂಗಿಲ್ರಿ. ದನಾ ಬಿದ್ದಂಗ ಬಿದ್ದಾರ ನೋಡ್ರಿ.’

ಶವಾಸನಕ್ಕೆ ಕಿವಿ ಬಂತು. ಮೊಣಕಾಲಿನವನು ಎದ್ದು ಕುಳಿತು, ಯಾರಿಗೆ ಮೈಗಳ್ಳ ಅಂತೀರಿ ಅಂತ ಕೇಳಿದ. ಪರಸ್ಥಳದ ಹೆಣ್ಣುಮಗಳ ಮುಂದೆ ಊರ ಮರ್ಯಾದೆ ತೆಗೆದರೆ ಯಾರು ಸುಮ್ಮನಿದ್ದಾರು. ಎಲ್ಲರೂ ಎದ್ದರು, ತೋಳು ಏರಿಸಿದರು, ಫಿಟ್ಟರುಗಳನ್ನು ಪಕ್ಕಕ್ಕೆ ಸರಿಸಿ ತಾವೇ ಕಬ್ಬಿಣ ಎತ್ತಿ ಟೆಂಪೋಕ್ಕೆ ಹೇರತೊಡಗಿದರು. ಜಿಮ್ಮು ಬಂದ ಮೇಲೆ ಆ ಊರಿನ ಗಂಡಸರು ಮೈತುಂಬ ಬೆವರಿದ್ದು ಅದೇ ಮೊದಲು.

‘ಅಲ್ರೀ, ನಿಂತೇನು ನೋಡತೀರಿ,’ ಗುರುಬಸವ್ವ ಕೂಗಿದಳು. ಕಂಬಿಯ ಬೋಲ್ಟು ಸಡಿಲಾಗುತ್ತಿತ್ತು, ಶಾವಿಗೆ ಇನ್ನೂ ಅರ್ಧ ಹಸಿ. ‘ಕೈ ಚಾಚ್ರಿ.’

ನಿಜಗುಣಪ್ಪ ಕೈ ಚಾಚಿದ. ಕಾಡವ್ವ ಎಳೆಗಳನ್ನು ಕೂಸಿನಂತೆ ಎತ್ತಿ ಅವನ ಎರಡೂ ತೋಳುಗಳ ಮೇಲೆ ಇಳಿಬಿಟ್ಟಳು. ಉಳಿದದ್ದನ್ನು ಕೊರಳಿಗೆ ಹಾಕಿದಳು. ಹೋದ ವರ್ಷ ಹಾರ ಬಿದ್ದದ್ದೂ ಅದೇ ಕೊರಳಿಗೆ.

ಜೀಪು ಹತ್ತುವ ಮುಂಚೆ ಮೇಡಂ ತಿರುಗಿ ನೋಡಿದರು. ಎಲ್ಲ ಮುಗಿದ ಮೇಲೂ ಅಧ್ಯಕ್ಷರು ತೋಳು ಚಾಚಿ ಆಸನದಲ್ಲೇ ನಿಂತದ್ದು ಕಂಡು ಮನಸ್ಸು ತುಂಬಿಬಂತು. ಒಂದು ಫೋಟೋ ಹೊಡೆದುಕೊಂಡು ಹೋದರು.

ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬಾಳು ತೆಗೆದು ಅವನ ಕಿವಿಗೆ ಹಿಡಿದ.

‘ಬೀಗರ,’ ಅಂದಾನೆಪ್ಪನ ದನಿ ಇನ್ನೂ ಸಿಹಿಯಾಗಿತ್ತು. ‘ಟೆಂಪೋ ಹೊಂಟೈತಂತ, ಕಂಬಿ ತುಂಬ ಶಾವಿಗಿ ಇದ್ದುವಂತ ಮೇಡಂ ಹೇಳಿದ್ರು. ಬಾಳ ದೊಡ್ಡ ಮನಸು ನಿಮ್ಮದು. ಯಾವ ಊರಿನ ಬೀಗರು ಶಾವಿಗಿ ಜೋಡಿ ಅವನ್ನ ಒಣಗಸೋ ಕಂಬಿನೂ ಕಳಸತಾರು? ಶಾವಿಗಿ ಯಾವಾಗ ಬರತಾವ?’

ಬಾಳು ಫೋನನ್ನು ನಿಜಗುಣಪ್ಪನ ಜೇಬಿಗೆ ಇಳಿಸಿದ. ಆಮೇಲೆ ಬುಟ್ಟಿಯ ಕೆಳಗಿನಿಂದ ಉಳಿದಿದ್ದ ಒಂದೇ ಮಿರ್ಚಿ ತಂದು ಅವನ ಬಾಯಿಯ ಹತ್ತಿರ ಹಿಡಿದ. ಅವನು ಕತ್ತು ಸ್ವಲ್ಪ ಮುಂದೆ ಚಾಚಿದ.

‘ಅಲ್ಲಾಡಬ್ಯಾಡ್ರಿ,’ ಅಂದಳು ಗುರುಬಸವ್ವ. ‘ಹರೀತಾವ.’