ಕೊಂಬು ಬೊಗಳದ ದಿನ

ಬೆಳಗ್ಗೆ ಬಾಗಿಲ ಸಂದಿಯಲ್ಲಿ ಯಾರೋ ತುರುಕಿಹೋಗಿದ್ದ ಚೀಟಿಯನ್ನು ಪ್ರೂಫ್ ರೀಡರು ಮೊದಲು ತಿದ್ದಿದರು, ಆಮೇಲೆ ಓದಿದರು. ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಪಳಗಿದ ಕೈ. ಕೆಂಪು ಪೆನ್ನು ತಾನಾಗಿಯೇ ಓಡುತ್ತದೆ. ಮೂರು ಕಾಗುಣಿತದ ತಪ್ಪು ಸರಿಯಾದ ಮೇಲೆ ಒಕ್ಕಣೆ ಹೀಗಿತ್ತು: ‘ತಮ್ಮ ನಾಯಿಯ ಬೊಗಳಾಟದ ಬಗ್ಗೆ ತೀರ್ಮಾನ ಕೈಗೊಳ್ಳಲು ಕಟ್ಟಡದ ಸಮಿತಿಯು ಇಂದು ಸಂಜೆ ಐದಕ್ಕೆ ತಮ್ಮ ಮನೆಗೆ ಬರುವುದು. ನಾಯಿ ಹಾಜರಿರತಕ್ಕದ್ದು.’

ಅವರು ಹೆಂಡತಿಯನ್ನು ಕೂಗಿ ಚೀಟಿ ತೋರಿಸಿದರು.

ನಾಯಿಯ ಹೆಸರು ಕೊಂಬು. ಅದರ ಬಾಲ ‘ಕು’ ಅಕ್ಷರದ ಕೊಂಬಿನ ಹಾಗೆ ಸುತ್ತಿಕೊಂಡಿದೆ ಎಂದು ಅವರೇ ಇಟ್ಟ ಹೆಸರು. ಗಂಟಲು ಮಾತ್ರ ಊದುವ ಕೊಂಬಿನದು. ಗಂಡ ಪ್ರೆಸ್ಸಿಗೆ, ಹೆಂಡತಿ ಶಾಲೆಗೆ ಹೊರಟರೆ ಸಾಕು, ಸಂಜೆಯವರೆಗೂ ಮೂರು ಮಹಡಿಗೆ ಕೇಳುವಂತೆ ಅದರ ಕಚೇರಿ ನಡೆಯುತ್ತಿತ್ತು.

“ಇವನನ್ನ ಕಳಿಸಿ ಅಂದ್ರೆ ನಾನೂ ಇವನ ಜೊತೆಗೇ ಹೊರಡ್ತೀನಿ,” ಎಂದರು ಹೆಂಡತಿ, ಊಟದ ಡಬ್ಬಿ ಮುಚ್ಚುತ್ತಾ. “ಇವತ್ತು ರಜಾ ಹಾಕ್ರೀ. ಡಾಕ್ಟರಿಗೆ ತೋರಿಸಿ. ಸಂಜೆ ಇವನ ಬಾಯಿಂದ ಚಕಾರ ಬರಬಾರದು.”

ಪಶುವೈದ್ಯೆ ಕೊಂಬುವಿನ ಬಾಯಿ, ಕಿವಿ, ಹೊಟ್ಟೆ ಎಲ್ಲ ನೋಡಿ ಕೈ ತೊಳೆದುಕೊಂಡರು. “ಕಾಯಿಲೆ ಏನಿಲ್ಲ. ಕೆಲಸ ಇಲ್ಲ, ಅಷ್ಟೆ.”

“ನಾಯಿಗೆ ಎಂಥ ಕೆಲಸ ಡಾಕ್ಟ್ರೇ?”

“ಮೂಸೋದು, ಅಗೆಯೋದು, ಹರಿಯೋದು, ಎಳೆದಾಡೋದು. ಹುಟ್ಟುಗುಣ ಅದು. ದಿನವಿಡೀ ಗೋಡೆ ನೋಡ್ಕೊಂಡು ಕೂತ್ರೆ ನೀವೂ ಬೊಗಳ್ತೀರಿ. ಊಟ ತಟ್ಟೇಲಿ ಹಾಕ್ಬೇಡಿ, ಬಚ್ಚಿಡಿ, ಹುಡುಕಿ ತಿನ್ಲಿ. ವಾಕಿಂಗ್ ಹೋದಾಗ ದರದರ ಎಳೀಬೇಡಿ. ಅದು ಮೂಗು ಇಟ್ಟ ಕಡೆ ನೀವು ಕಾಲು ನಿಲ್ಲಿಸಿ.”

ಮನೆಗೆ ಮರಳುವ ದಾರಿಯಲ್ಲಿ ಅವರು ಕಾಲು ನಿಲ್ಲಿಸಿದ್ದೇ ತಡ, ಕೊಂಬು ರಸ್ತೆ ತಿರುವಿನ ದೀಪದ ಕಂಬಕ್ಕೆ ಮೂಗು ಹಚ್ಚಿತು. ಕರಡು ಪ್ರತಿ ಓದುವವರ ಹಾಗೆ ಕೆಳಗಿನಿಂದ ಮೇಲಕ್ಕೆ, ಎಡದಿಂದ ಬಲಕ್ಕೆ ಒಂದಕ್ಷರ ಬಿಡದೆ ಓದಿತು. ಹನ್ನೊಂದು ನಿಮಿಷವಾಯಿತು. ನೆಲಮಹಡಿಯ ನಿವೃತ್ತ ಲೆಕ್ಕದ ಮೇಷ್ಟ್ರು ಅತ್ತ ಬಂದರು.

“ಏನ್ರೀ, ಕಂಬಕ್ಕೆ ಕಾವಲಾ?”

“ಇಲ್ಲ ಸಾರ್, ಇವನಿಗೆ ಮೂಸೋಕೆ ಬಿಟ್ಟಿದೀನಿ.”

“ಬಿಡಿ ಬಿಡಿ. ಸಂಜೆ ನಾವೆಲ್ಲ ಬರ್ತಿದೀವಿ, ಗೊತ್ತಲ್ಲ? ಪರೀಕ್ಷೆಗೆ ಚೆನ್ನಾಗಿ ತಯಾರಿ ಮಾಡ್ಸಿ!” ಎಂದು ನಕ್ಕು ಹೋದರು.

ಮನೆಗೆ ಬಂದವರೇ ರಟ್ಟಿನ ಪೆಟ್ಟಿಗೆಗಳಲ್ಲಿ ಹಳೆಯ ಕರಡು ಹಾಳೆಗಳನ್ನು ಮುದುಡಿ ತುಂಬಿ, ನಡುನಡುವೆ ನಾಯಿಯ ತಿಂಡಿ ಅಡಗಿಸಿದರು. ಕೊಂಬು ಒಂದು ಗಂಟೆಯೊಳಗೆ ಒಂದು ಇಡೀ ಭೂಗೋಳದ ಪಠ್ಯವನ್ನು ಚಿಂದಿ ಮಾಡಿತು. ಆಮೇಲೆ ಅಗೆಯುವ ಪಾಠ. ಕಟ್ಟಡದ ಹಿತ್ತಲಿನಲ್ಲಿ ಗೋಡೆ ರಿಪೇರಿಗೆ ತಂದು ಉಳಿದ ಮರಳಿನ ರಾಶಿಯಿತ್ತು. ಅದರಲ್ಲಿ ತಿಂಡಿ ಹೂತರು. ಕೊಂಬು ಮರಳನ್ನೂ ಯಜಮಾನನನ್ನೂ ಮಿಕಮಿಕ ನೋಡುತ್ತ ಕೂತಿತು. ಬೇರೆ ದಾರಿಯಿಲ್ಲದೆ ಅವರೇ ಮೊಣಕಾಲೂರಿ ಎರಡೂ ಕೈಯಿಂದ ಕೆರೆಯತೊಡಗಿದರು.

ಮೂರನೇ ಮಹಡಿಯ ಅಜ್ಜಿ ಬಾಲ್ಕನಿಯಿಂದ ಬಗ್ಗಿದರು. “ಏನಪ್ಪಾ ಕಳ್ಕೊಂಡೆ?”

“ಏನಿಲ್ಲ ಅಜ್ಜಿ!”

“ಏನಿಲ್ಲದೆ ಯಾರು ಮರಳು ಕೆರೀತಾರೆ? ಹೆಂಡ್ತಿ ಸರ ಬೀಳಿಸಿದೀಯ, ಹೇಳೋಕೆ ಭಯ. ಇರು, ಬಂದೆ!”

ಅಜ್ಜಿ ಬಂದರು, ಮೇಷ್ಟ್ರೂ ಕೊಡೆ ಹಿಡಿದು ಬಂದರು. ಇಲ್ಲವೆಂದಷ್ಟೂ ಇಬ್ಬರ ಅನುಮಾನ ಬಲವಾಯಿತು. ಮೂವರು ಕೆರೆಯುವುದನ್ನು ಕಂಡ ಮೇಲೆ ಕೊಂಬುವಿಗೂ ಹುರುಪು ಬಂತು; ಮರಳು ಹಾರಿ ಮೇಷ್ಟ್ರ ಕನ್ನಡಕ ಮುಚ್ಚಿತು. ಕೊನೆಗೆ ಮೇಷ್ಟ್ರು ಕೊಡೆಯ ತುದಿಯಿಂದ ಕಂದು ಉಂಡೆಯೊಂದನ್ನು ಎಬ್ಬಿಸಿದರು. “ಇದು ಯಾವ ಸರದ ಮಣೀರೀ?”

“ಅದು... ನಾಯಿ ತಿಂಡಿ ಸಾರ್. ಅಗೆಯೋದು ಕಲಿಸ್ತಿದ್ದೆ.”

“ನಾಯಿಗೆ ಅಗೆಯೋದು ಕಲಿಸ್ತಾರಂತೆ! ಮೀನಿಗೆ ಈಜು ಹೇಳ್ಕೊಟ್ಟ ಹಾಗೆ,” ಎಂದು ಅಜ್ಜಿ ಸೀರೆ ಕೊಡವಿಕೊಂಡು ಹೊರಟರು.

ಮನೆಯೊಳಗೆ ಮತ್ತೆ ಅರ್ಧ ಗಂಟೆ ಹಳೆಯ ಟವೆಲಿನ ಎಳೆದಾಟ. ನಾಲ್ಕೂವರೆಗೆ ಕೊಂಬು ಚಾಪೆಯ ಮೇಲೆ ಕಾಲು ಚಾಚಿ, ಕೊರಡಿನಂತೆ ಬಿದ್ದು ಗೊರಕೆ ಹೊಡೆಯಿತು. ಪ್ರೂಫ್ ರೀಡರಿಗೆ ಅದರ ಪಕ್ಕದಲ್ಲೇ ಮಲಗುವ ಆಸೆಯಾಯಿತು.

ಐದಕ್ಕೆ ಸರಿಯಾಗಿ ಬಾಗಿಲ ಗಂಟೆ ಹೊಡೆಯಿತು. ಸಮಿತಿಯ ಕಾರ್ಯದರ್ಶಿ, ಹಿಂದೆ ಮೇಷ್ಟ್ರು, ಅಜ್ಜಿ. ಒಳಗೆ ಬಂದ ಕಾರ್ಯದರ್ಶಿ ಬಾಗಿಲಾಚೆ ಕೈ ಚಾಚಿ ಇನ್ನೊಮ್ಮೆ ಗಂಟೆ ಒತ್ತಿದರು. ಚಪ್ಪಾಳೆ ತಟ್ಟಿದರು. ಮೇಷ್ಟ್ರು ಕೊಡೆಯಿಂದ ನೆಲ ಕುಟ್ಟಿದರು. ಕೊಂಬುವಿನ ಕಿವಿಯೂ ಅಲುಗಲಿಲ್ಲ.

“ನೋಡಿ ಸಾರ್,” ಎಂದರು ಪ್ರೂಫ್ ರೀಡರು, ಎದೆಯುಬ್ಬಿಸಿ. “ಒಂದು ಸೊಲ್ಲಿಲ್ಲ!”

ಕಾರ್ಯದರ್ಶಿ ನಿಟ್ಟುಸಿರುಬಿಟ್ಟರು. “ಇಷ್ಟು ಹೊತ್ತು ಆ ಸೊಲ್ಲನ್ನೇ ಕಾಯ್ತಿದ್ವಲ್ರೀ. ಹೋದ ವಾರ ಮಟಮಟ ಮಧ್ಯಾಹ್ನ ನೀರಿನ ಪಂಪು ಕದಿಯೋಕೆ ಬಂದೋನು ಇವನ ಬೊಗಳಾಟಕ್ಕೆ ಹೆದರಿ ಗೋಡೆ ಹಾರಿ ಓಡಿದ. ಇವನನ್ನೇ ಕಟ್ಟಡದ ಕಾವಲಿಗಿಟ್ಟು, ಹಿತ್ತಲನ್ನ ಇವನ ಆಟಕ್ಕೆ ಬಿಟ್ಕೊಡೋಣ ಅಂತ ನಿರ್ಣಯ ಬರ್ಕೊಂಡೇ ಬಂದಿದೀವಿ. ಇಲ್ಲಿ ನೋಡಿದ್ರೆ, ಮೂರು ಜನ ನುಗ್ಗಿದ್ರೂ ಗೊರಕೆ!”

“ಅಯ್ಯೋ ಸಾರ್, ಇವನು ಬೊಗಳ್ತಾನೆ! ಬೇಕಾದಷ್ಟು ಬೊಗಳ್ತಾನೆ!” ಅವರು ಕೊಂಬುವಿನ ಕಿವಿಗೆ ಬಾಯಿ ಹಚ್ಚಿದರು. “ಏಳೋ ಮಾರಾಯ. ಒಂದೇ ಒಂದು ಸಲ.” ಬಾಲ ಎರಡು ಸಲ ನೆಲಕ್ಕೆ ಬಡಿಯಿತು. ಹತಾಶರಾಗಿ, ಹೇಗೆಂದು ತೋರಿಸಲು, ಅವರೇ ಬೊಗಳಿದರು. ಗೋಡೆಗಳು ಮೊಳಗಿದವು.

ಕಾರ್ಯದರ್ಶಿ ಒಂದು ಹೆಜ್ಜೆ ಹಿಂದೆ ಸರಿದರು.

“ಗಂಟಲು ಪರವಾಗಿಲ್ಲ,” ಎಂದರು ಅಜ್ಜಿ ಮೆಲ್ಲಗೆ. ಕಾರ್ಯದರ್ಶಿ ಮೇಷ್ಟ್ರ ಮುಖ ನೋಡಿದರು, ಮೇಷ್ಟ್ರು ತಲೆಯಾಡಿಸಿದರು, ನಿರ್ಣಯದ ಹಾಳೆಯ ಮೇಲೆ ಪೆನ್ನು ಆಡಿತು.

ಹೆಂಡತಿ ಬಂದಾಗ ಮನೆ ಶಾಂತವಾಗಿತ್ತು. ಕೊಂಬು ಎದ್ದು ಮೈಮುರಿದು ಅವರ ಕೈ ನೆಕ್ಕಿತು.

“ಏನಾಯ್ತ್ರೀ?”

“ಇವನು ಇಲ್ಲೇ ಇರ್ತಾನೆ. ಹಿತ್ತಲು ಪೂರ್ತಿ ಇವನಿಗೇ ಬಿಟ್ಕೊಟ್ರು.”

“ಅಬ್ಬ, ಸದ್ಯ! ಮತ್ತೆ ನೀವ್ಯಾಕೆ ಹೀಗೆ ಕೂತಿದೀರ? ನಿಮಗೇನು ಕೊಟ್ರು?”

“ಗೇಟಿನ ಕಾವಲು,” ಎಂದರು ಪ್ರೂಫ್ ರೀಡರು. “ಪ್ರತಿ ಭಾನುವಾರ, ಬೆಳಗ್ಗೆಯಿಂದ ಸಂಜೆವರೆಗೆ.”