ಮಾಳಿಗೆಯ ಮೇಲೆ ವಿಮಾನದ ಕೋಲು

ಆ ಕೋಲನ್ನು ನಿಲ್ಲಿಸಿದ ದಿನ ನಮ್ಮ ಮಾಳಿಗೆಯ ಮೇಲೆ ನಾಲ್ಕು ಜನರಿದ್ದೆವು. ಕೋಲು ಹಿಡಿದುಕೊಂಡ ನಾನು, ಸಂಡಿಗೆ ಕಾಯುತ್ತ ಕುಳಿತ ನನ್ನ ಹೆಂಡತಿ ಶಾಂತಾ, ಪಕ್ಕದ ಮನೆಯ ಮಲಗೌಡ ಕಾಕಾ, ಅವರನ್ನು ಚಹಾಕ್ಕೆ ಕರೆಯಲು ಬಂದು ಅಲ್ಲೇ ನಿಂತುಬಿಟ್ಟ ಅವರ ಹೆಂಡತಿ ಗಂಗಕ್ಕ ಕಾಕು. ಕೋಲು ನೆಟ್ಟಗಾದ ಕೂಡಲೇ ಒಂದು ಕಾಗೆ ಬಂದು ಅದರ ತುದಿಯ ಮೇಲೆ ಕುಳಿತಿತು. "ನೋಡ್ರಿ, ನಿಮ್ಮ ಮೊದಲನೇ ವಿಮಾನ ಇಳೀತು" ಅಂದಳು ಶಾಂತಾ.

ಮಾಡಲು ಕೆಲಸವಿಲ್ಲದ ಮನುಷ್ಯ ಮೊದಲು ಊರಿನವರ ಮನೆಗಳನ್ನು ನೋಡುತ್ತಾನೆ, ಅದೂ ಮುಗಿದ ಮೇಲೆ ಆಕಾಶ ನೋಡುತ್ತಾನೆ. ನಾನು ಕಬ್ಬೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನೌಕರ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಊರ ಜನ ಒಬ್ಬೊಬ್ಬರಾಗಿ ಬಂದು, ತೀರಿಕೊಂಡವರ ಬಟ್ಟೆ ಕೊಟ್ಟುಹೋಗುವ ಹಾಗೆ, ತಮ್ಮ ಮನೆಯ ಫೋನನ್ನು ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಕೆಲವರು ಕಣ್ಣು ತಪ್ಪಿಸುತ್ತಿದ್ದರು. ನಾನೂ "ಇರಲಿ ಬಿಡ್ರಿ, ಯಾರ ಕೈಯಾಗೇನೈತಿ" ಎಂದು ಸಾವಿನ ಮನೆಯ ಮಾತನ್ನೇ ಆಡುತ್ತಿದ್ದೆ. ಕಡೆಗೆ ಎಕ್ಸ್‌ಚೇಂಜಿನಲ್ಲಿ ಸದ್ದು ಮಾಡುವ ವಸ್ತುಗಳೆಂದರೆ ಫ್ಯಾನು ಮತ್ತು ನಾನು. ಅಂಥ ಒಂದು ಮಧ್ಯಾಹ್ನ, ಜಗತ್ತಿನ ವಿಮಾನಗಳ ಜಾಡು ಹಿಡಿಯುವ ಯಾವುದೋ ಪರದೇಶದ ಜಾಲತಾಣದಲ್ಲಿ ಒಂದು ಪ್ರಕಟಣೆ ಕಂಡೆ. ನಿಮ್ಮ ಭಾಗದಲ್ಲಿ ನಮ್ಮ ಯಂತ್ರವಿಲ್ಲ, ಮನೆಯ ಮೇಲೆ ಇಟ್ಟುಕೊಳ್ಳುವುದಾದರೆ ಪುಕ್ಕಟೆ ಕಳಿಸುತ್ತೇವೆ, ಕರೆಂಟು ಮತ್ತು ಇಂಟರ್ನೆಟ್ಟು ಮಾತ್ರ ನಿಮ್ಮದು ಎಂದಿತ್ತು. ಜಗತ್ತಿನಲ್ಲಿ ಯಾರಿಗೋ ಕಬ್ಬೂರು ಬೇಕಾಗಿದೆ ಎಂದು ಓದಿ ನನ್ನ ಕಣ್ಣು ತುಂಬಿ ಬಂತು. ಅರ್ಜಿ ಹಾಕಿದೆ. ಡಬ್ಬಿ ಬಂತು, ಮಾಳಿಗೆಯ ಮೇಲೆ ನಿಲ್ಲಿಸುವ ಕೋಲೂ ಬಂತು.

ಆ ಯಂತ್ರದ ಕೆಲಸ ಬಹಳ ಸರಳ. ಮೇಲೆ ಹಾರುವ ವಿಮಾನ ತನ್ನ ಹೆಸರು, ಎತ್ತರ, ವೇಗವನ್ನು ತಾನೇ ಕೂಗಿ ಹೇಳುತ್ತ ಹೋಗುತ್ತದೆ. ಕೋಲು ಅದನ್ನು ಕೇಳಿಸಿಕೊಳ್ಳುತ್ತದೆ. ನನ್ನ ಕಂಪ್ಯೂಟರಿನಲ್ಲಿ ಹಳದಿ ಬಣ್ಣದ ಪುಟ್ಟ ವಿಮಾನವೊಂದು ನಕಾಶೆಯ ಮೇಲೆ ಇರುವೆಯ ಹಾಗೆ ಹರಿಯುತ್ತದೆ. ನಾನು ಇದನ್ನು ಊರಲ್ಲಿ ಹೇಳಿಕೊಂಡು ತಿರುಗಿದಾಗ ಯಾರೂ ಬೆರಗಾಗಲಿಲ್ಲ. ನನ್ನ ಹೆಂಡತಿ ಬಾವಿಕಟ್ಟೆಯ ಹೆಂಗಸರ ಮುಂದೆ, "ಚಿಕ್ಕೋಡಿ ಬಸ್ಸು ಯಾವಾಗ ಬರತೈತಿ ಕೇಳಿದ್ರ ಇವರಿಗೆ ಗೊತ್ತಿಲ್ಲ. ನಾವು ಜನ್ಮದಾಗ ಹತ್ತದ ವಿಮಾನ ಎಲ್ಲಿ ಹೊಂಟೈತಿ ಅನ್ನೂದು ಗೊತ್ತೈತಿ" ಅಂದದ್ದು ಮಾತ್ರ ಊರೆಲ್ಲ ಹಬ್ಬಿತು. ಅವಳ ಮಾತು ನನ್ನ ಇಂಟರ್ನೆಟ್ಟಿಗಿಂತ ಜೋರು.

ಮಲಗೌಡ ಕಾಕಾ ಒಬ್ಬರೇ ನನ್ನ ಭಕ್ತರು. ಸಂಜೆ ಕಬ್ಬಿಗೆ ನೀರು ತಿರುಗಿಸಿ ಬಂದು, ಕೈಕಾಲು ತೊಳೆದುಕೊಂಡು, ನೇರ ನಮ್ಮ ಮಾಳಿಗೆ ಹತ್ತುತ್ತಿದ್ದರು. ಅವರ ಮಗ ಬಾಳು ಹೊಲ ನೋಡಿಕೊಂಡು ಊರಲ್ಲೇ ಇದ್ದ. ಮಗಳು ಸುರೇಖಾ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಬಿಳಿ ಗೆರೆ ಎಳೆಯುತ್ತ ವಿಮಾನ ಹೋದಾಗಲೆಲ್ಲ ಕಾಕಾ, "ತಮ್ಮಾ, ಇದು ಎಲ್ಲಿಂದು?" ಎಂದು ಕೇಳುವರು. ನಾನು ಮುಂಬೈದು ಅಂದರೆ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವರು. ಮಸ್ಕತ್ತಿನದು ಅಂದರೆ ಎದ್ದು ನಿಂತು, "ಇದರಾಗ ನಮ್ಮ ಸುರೇಖಾ ಇಲ್ಲಲ್ಲ?" ಅನ್ನುವರು. "ಇಲ್ರಿ ಕಾಕಾ, ಬಂದ್ರ ಫೋನ್ ಮಾಡ್ತಾಳಲ್ಲ" ಅಂದರೆ, "ಅದೂ ಖರೆ" ಎಂದು ಕುಳಿತುಕೊಳ್ಳುವರು. ಮರುದಿನ ಮತ್ತೆ ಅದೇ ಪ್ರಶ್ನೆ. ಮಸ್ಕತ್ತಿನಿಂದ ಚೆನ್ನೈಗೆ ಹೋಗುವ ವಿಮಾನ ನಮ್ಮ ಊರ ಮೇಲೇ ಹಾಯುತ್ತದೆ ಎಂಬುದನ್ನು ನಾನು ಅವರಿಗೆ ತೋರಿಸಬಾರದಿತ್ತು. ಅಂದಿನಿಂದ ಕಾಕಾನ ಸಂಜೆಗಳು ಆ ವಿಮಾನದ ಹೊತ್ತಿಗೆ ಹೊಂದಿಕೊಂಡವು.

ಒಂದು ಮುಂಜಾನೆ ಕಾಕಾ ದನಗಳಿಗೆ ಮೇವು ಹಾಕಿ ಬಂದು, ಎದೆ ಯಾಕೋ ಹಿಡಿದಂಗಾತು ಎಂದು ಗೋಡೆಗೆ ಒರಗಿ ಕುಳಿತವರು ಏಳಲಿಲ್ಲ.

ಬಾಳು ತಂಗಿಗೆ ಫೋನ್ ಮಾಡಿದ. ಬೆಳಗಾವಿಗೂ ಗೋವೆಗೂ ಅವಳಿಗೆ ಸೀಟಿರಲಿಲ್ಲ. ಅಂದು ಮಧ್ಯಾಹ್ನ ಹೊರಡುವ ಚೆನ್ನೈ ವಿಮಾನದಲ್ಲಿ ಮಾತ್ರ ಒಂದಿತ್ತು. ಚೆನ್ನೈಯಲ್ಲಿ ಇಳಿದು ರೈಲು, ಬಸ್ಸು ಹಿಡಿದು ಬರುವಷ್ಟರಲ್ಲಿ ಮರುದಿನ ಸಂಜೆ. ಹಿರಿಯರು ಕೂಡಿದರು. ಬೇಸಿಗೆ, ಅಷ್ಟು ಹೊತ್ತು ಇಡುವಂತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುವುದೆಂದು ಮಠದ ಅಯ್ಯನವರೂ ಹೇಳಿದರು. ಎಲ್ಲರೂ ಹೂಂ ಅಂದರು, ಗಂಗಕ್ಕ ಕಾಕು ಅನ್ನಲಿಲ್ಲ. ನಮ್ಮಲ್ಲಿ ಗುಣಿಗೆ ಇಳಿಸಿದ ಮೇಲೆ ಹತ್ತಿರದವರು ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಮಗಳ ಹಿಡಿ ಬೀಳದೆ ಗುಣಿ ಮುಚ್ಚಕೂಡದು ಎಂದು ಕಾಕು ಹಟ ಹಿಡಿದರು. ಬಾಳು, "ಯವ್ವಾ, ಆಕಿ ನಾಳೆ ಬರ್ತಾಳಬೇ, ಏನ್ಮಾಡೂನು" ಎಂದು ಅತ್ತ.

ಕಾಕು ಗುಂಪಿನಲ್ಲಿ ಕಣ್ಣಾಡಿಸಿ ನನ್ನನ್ನು ಹುಡುಕಿದರು. "ತಮ್ಮಾ, ಆ ವಿಮಾನ ನಮ್ಮ ಊರ ಮ್ಯಾಲೆ ಹೋಗತೈತಿ ಅಂತ ನಿಮ್ಮ ಕಾಕಾ ಹೇಳ್ತಿದ್ರು. ಖರೇನ?"

"ಖರೇರಿ ಕಾಕು."

"ಹೊತ್ತು ಮುಳುಗೂದ್ರೊಳಗ?"

"ಅಷ್ಟರೊಳಗ ಹೋಗತೈತ್ರಿ."

"ಹಂಗಾರ ಆಕಿ ನೆತ್ತಿ ಮ್ಯಾಲೆ ಬಂದಾಗ ಹೇಳು. ಆಕಿ ಹೆಸರಿಂದು ನಾ ಹಾಕ್ತೀನಿ."

ಎಕ್ಸ್‌ಚೇಂಜಿನಲ್ಲಿ ಇಷ್ಟು ವರ್ಷ ಕೂತರೂ ಇಂಥ ಜವಾಬ್ದಾರಿಯ ಕೆಲಸವನ್ನು ಯಾರೂ ನನಗೆ ವಹಿಸಿರಲಿಲ್ಲ. ಮಣ್ಣು ಮಾಡುವ ಅವರ ಹೊಲದಲ್ಲಿ ನೆಟ್‌ವರ್ಕ್ ಇಷ್ಟಿಷ್ಟೇ, ಮಾತು ಕೇಳಿಸುತ್ತದೆ, ನಕಾಶೆ ಕಾಣುವುದಿಲ್ಲ. ಹಾಗಾಗಿ ಶಾಂತಾ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಳು. ಆ ಡಬ್ಬಿಯನ್ನು ಅಲ್ಲಿಯವರೆಗೆ ಸವತಿಯ ಹಾಗೆ ನೋಡುತ್ತಿದ್ದವಳು, ಅಂದು ಕರೆಂಟು ಹೋದೀತೆಂದು ಇನ್ವರ್ಟರಿನ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದಳಂತೆ. ನಾನು ಹೊಲದ ಬಾವಿಯ ಕಟ್ಟೆಯ ಮೇಲೆ, ಕಿವಿಗೆ ಫೋನು ಒತ್ತಿಕೊಂಡು ನಿಂತೆ. ಕಾಕಾನನ್ನು ಇಳಿಸಿಯಾಗಿತ್ತು. ವಿಭೂತಿ, ಪತ್ರಿ ಎಲ್ಲ ಆಗಿ, ಎಲ್ಲರ ಹಿಡಿಯೂ ಬಿದ್ದು, ಭಜನೆಯವರು ತಾಳ ನಿಲ್ಲಿಸಿದ್ದರು. ಕಾಕು ಎರಡು ಮುಷ್ಟಿಯಲ್ಲೂ ಮಣ್ಣು ಹಿಡಿದು ನನ್ನ ಕಡೆ ನೋಡುತ್ತಿದ್ದರು. ಊರಿಗೆ ಊರೇ ನನ್ನ ಬಾಯಿ ನೋಡುತ್ತಿತ್ತು.

"ಸಮುದ್ರ ದಾಟ್ತು ನೋಡ್ರಿ" ಅಂದಳು ಶಾಂತಾ ಫೋನಿನಲ್ಲಿ. ಸ್ವಲ್ಪ ಹೊತ್ತಿನ ಮೇಲೆ, "ನಿಪ್ಪಾಣಿ ಹಂತೇಕ ಬಂತು." ಮತ್ತೆ, ದನಿ ಇಳಿಸಿ, "ಈಗ ನೋಡ್ರಿ ಮ್ಯಾಲೆ, ಬಂದಳು."

ವಿಮಾನ ಬಂತು ಅನ್ನಲಿಲ್ಲ ಅವಳು. ನಾನು ಕೈ ಎತ್ತಿದೆ. ಪಡುವಣ ದಿಕ್ಕಿನಿಂದ ಎಳೆದ ಹತ್ತಿಯ ನೂಲಿನಂಥ ಒಂದು ಗೆರೆ ನಮ್ಮ ತಲೆಯ ಮೇಲೆ ಬರುತ್ತಿತ್ತು. ಟವೆಲು ಸುತ್ತಿದವರು ಟವೆಲು ತೆಗೆದರು, ಒಬ್ಬಿಬ್ಬರು ಕೈಮುಗಿದರು. ಕಾಕು ಮೇಲೆ ನೋಡುತ್ತಲೇ ಎರಡೂ ಮುಷ್ಟಿ ಬಿಚ್ಚಿದರು. ಬಾವಿಕಟ್ಟೆಯ ಮೇಲೆ ನಿಂತು ನಾನು, ಇಷ್ಟು ವರ್ಷಕ್ಕೆ ಒಂದು ಟೆಲಿಫೋನ್ ಕೆಲಸ ಸರಿಯಾಗಿ ಮಾಡಿದೆ ಅಂದುಕೊಂಡೆ. ಅಳುವಿನ ನಡುವೆಯೂ ಮನುಷ್ಯನಿಗೆ ತನ್ನ ಬೆನ್ನು ತಟ್ಟಿಕೊಳ್ಳಲು ಒಂದು ಕೈ ಬಿಡುವಿರುತ್ತದೆ.

ಮರುದಿನ ಹೊತ್ತು ಇಳಿಯುವಾಗ ಸುರೇಖಾ ಬಂದಳು. ತಾಯಿ ಮಗಳು ಅತ್ತು ಮುಗಿದ ಮೇಲೆ ಕಾಕು ಕೇಳಿದರು, "ನೀ ಮ್ಯಾಲೆ ಬಂದಾಗ ಮಣ್ಣು ಹಾಕೀವಿ. ಕಂಡಿತಿಲ್ಲೋ?" ಸುರೇಖಾ ಮೊದಲು ಅಣ್ಣನನ್ನು, ಆಮೇಲೆ ನನ್ನನ್ನು ನೋಡಿದಳು. "ಕಂಡಿತಬೇ. ಕಿಟಕಿ ಬಾಜೂಕ ಕುಂತಿದ್ದೆ. ಹೊಲ ಕಂಡಿತು, ಮಂದಿ ಕಂಡಿತು" ಅಂದಳು. ಕಾಕು ಮಗಳ ಮುಖವನ್ನೇ ನೋಡಿ, "ಹೂಂ" ಅಂದರು.

ಅಷ್ಟು ಎತ್ತರದಿಂದ ಕಬ್ಬೂರೇ ಒಂದು ಸಾಸಿವೆ ಕಾಳು, ಮಂದಿ ಎಲ್ಲಿ ಕಾಣಬೇಕು. ನಾನು ಎದ್ದು ಹಿತ್ತಲಿಗೆ ಬಂದು ನಿಂತೆ. ಅವಳು ಮುಖ ತೊಳೆಯಲು ಬಂದವಳು ತಾನಾಗಿಯೇ ಹೇಳಿದಳು. "ಅಣ್ಣಾ, ನಾ ಆ ವಿಮಾನದಾಗ ಇರ್ಲಿಲ್ಲ. ನನ್ನ ಪಾಸ್‌ಪೋರ್ಟ್ ಆಸ್ಪತ್ರಿ ಆಫೀಸಿನವರ ಹಂತೇಕ ಇತ್ತು, ಅವರು ತಂದು ಕೊಡೂದ್ರಾಗ ವಿಮಾನ ಹೋಗಿತ್ತು. ರಾತ್ರಿ ಚೆನ್ನೈ ವಿಮಾನದಾಗ ಒಂದ್ ಸೀಟ್ ಸಿಕ್ತು, ಅಲ್ಲಿಂದ ಕಾರ್ ಮಾಡ್ಕೊಂಡು ಬಂದೆ."

"ಒಂದ್ ಫೋನರೆ ಮಾಡಬಾರದಿತ್ತೇನ ತಂಗೀ?"

"ಮಾಡಿದ್ರ ಅವ್ವ ಅಪ್ಪನ್ನ ಎತ್ತಗೊಡ್ತಿದ್ದಿಲ್ಲ. ಅದಕ್ಕ ಸ್ವಿಚ್ ಆಫ್ ಮಾಡಿ ಕುಂತೆ."

ಅಂದರೆ ನಾವು ಊರಿಗೆ ಊರೇ ಟವೆಲು ತೆಗೆದು ಕೈಮುಗಿದದ್ದು, ಕಬ್ಬೂರಿನ ಹೆಸರನ್ನೇ ಕೇಳದ, ಊಟದ ತಟ್ಟೆ ಮುಂದಿಟ್ಟುಕೊಂಡು ಕುಳಿತ ಯಾರೋ ಪರವೂರಿನವರಿಗೆ. ನನ್ನ ಯಂತ್ರ ತಪ್ಪು ಹೇಳಿರಲಿಲ್ಲ. ಹೆಸರು ಸರಿ, ಎತ್ತರ ಸರಿ, ಹೊತ್ತು ಸರಿ. ಒಳಗೆ ಯಾರಿದ್ದಾರೆ ಅನ್ನುವುದೊಂದನ್ನು ಬಿಟ್ಟು ಅದಕ್ಕೆ ಎಲ್ಲವೂ ಗೊತ್ತಿತ್ತು. ನಮ್ಮ ಸುರೇಖಾ ನಿಜವಾಗಿ ಊರ ಮೇಲೆ ಹಾದುಹೋದಾಗ ಏನು ನಡೆದಿತ್ತೆಂದು ಹಿಂದಿನ ರಾತ್ರಿಯನ್ನು ನೆನೆಸಿಕೊಂಡೆ. ದಣಿದ ಶಾಂತಾ, "ಇನ್ನರೆ ಮಲಗ್ರಿ, ಅದಕ್ಕೂ ನಿದ್ದಿ ಬೇಕು" ಎಂದು ಡಬ್ಬಿಯ ಗುಂಡಿ ಆರಿಸಿದ್ದಳು.

ದಿವಸದ ಕಾರ್ಯ ಮುಗಿಸಿ ಸುರೇಖಾ ಮಸ್ಕತ್ತಿಗೆ ಹೊರಟಳು. ಮತ್ತೆ ಚೆನ್ನೈ ಮಾರ್ಗವಾಗಿಯೇ. ಮರುದಿನ ಮಧ್ಯಾಹ್ನ ವಿಮಾನದೊಳಗಿನಿಂದ ನನಗೆ ಅವಳ ಫೋನ್ ಬಂತು. "ಅಣ್ಣಾ, ಒಳಗ ಕುಂತೀನಿ. ಬಾಗಲಾ ಹಾಕಿದ್ರು. ಅವ್ವಗ ಹೇಳು." ನಾನು ಕಾಕುವನ್ನು ಮಾಳಿಗೆಗೆ ಕರೆದುತಂದೆ. ಕಾಕಾ ಕೂರುತ್ತಿದ್ದ ಕಲ್ಲಿನ ಮೇಲೆ ಅವರು ಕೂರಲಿಲ್ಲ, ಪಕ್ಕದಲ್ಲಿ ನಿಂತರು. ಮೋಡ ಕವಿದಿತ್ತು. ಕೋಲಿನ ತುದಿಯಲ್ಲಿ ಕಾಗೆ ಕುಳಿತಿತ್ತು. ಕೆಳಗಿನಿಂದ ಶಾಂತಾ, "ಬಂತ್ರಿ" ಎಂದು ಕೂಗಿದಳು.

ಕಾಕು ತಲೆಯೆತ್ತುವ ಮುಂಚೆ ನನ್ನ ಮುಖ ನೋಡಿ ಕೇಳಿದರು, "ತಮ್ಮಾ, ಈ ಸಲ ಖರೇನ ಒಳಗ ಅದಾಳೇನು?"

"ಅದಾಳ್ರಿ ಕಾಕು" ಅಂದೆ.

ಅವರು ಸೆರಗನ್ನು ತಲೆಯ ಮೇಲೆ ಸರಿಯಾಗಿ ಹೊದ್ದುಕೊಂಡು, ಏನೂ ಕಾಣದ ಮೋಡದ ಕಡೆ ಕೈ ಬೀಸಿದರು.